ಸ್ಪೀಕರ್, ಹೆಡ್‌ಫೋನ್ ಪರೀಕ್ಷಿಸಲು ಯಾವ ಹಾಡು ಹಾಕಿ ಕೇಳಬೇಕು?

ಹೊಸಕಿವಿ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಕೆಲವು ದಿನದಿಂದ ತಲೆ ತಿನ್ನುತ್ತಿದೆ.

ಹೋದ ಸಲ ಹೆಡ್‌ಫೋನ್ ತಗೊಳ್ಳುವಾಗ ಅಂಗಡಿಯವರೇ ಹಾಕಿದ ಒಂದು ಟ್ರ್ಯಾಕ್ ಕೇಳಿ ಮರುಳಾಗಿಬಿಟ್ಟೆ. ಗಾಜಿಗೆ ಗಾಜು ತಾಗುವ ಸದ್ದು, ನೀರು ತೊಟ್ಟಿಕ್ಕುವ ಸದ್ದು, ದೂರದಿಂದ ಹತ್ತಿರ ಬರುವ ಡ್ರಮ್, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಹತ್ತು ನಿಮಿಷ ಕೇಳಿ ಕೊಂಡುಕೊಂಡೆ. ಮನೆಗೆ ತಂದು ಒಂದು ವಾರ ಆದ ಮೇಲೆ ಗೊತ್ತಾಯಿತು, ನಾನು ದಿನಾ ಕೇಳುವ ಹಾಡುಗಳಲ್ಲಿ ಗಾಯಕಿ ‘ಸ’ ಅಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಅರ್ಧ ಗಂಟೆ ಕಳೆದರೆ ತೆಗೆದಿಡೋಣ ಅನಿಸುತ್ತದೆ. ಆ ಡೆಮೋ ಟ್ರ್ಯಾಕಿನಲ್ಲಿ ಮನುಷ್ಯರ ದನಿಯೇ ಇರಲಿಲ್ಲ, ಅದು ನನಗೆ ಆಗ ಹೊಳೆಯಲೇ ಇಲ್ಲ.

ಮತ್ತೆ ಅದೇ ತಪ್ಪು ಮಾಡಲು ಮನಸ್ಸಿಲ್ಲ. ಈಗ ಮನೆಯಲ್ಲಿ ಎರಡು ಜೊತೆ ಚಿಕ್ಕ ಸ್ಪೀಕರ್‌ಗಳಿವೆ. ಒಂದು ಗೆಳೆಯನದು, ಹಳೆಯದು, ಬೇಕಾದರೆ ಇಟ್ಟುಕೋ ಅಂದಿದ್ದಾನೆ. ಇನ್ನೊಂದು ಹೊಸದು, ಹಿಡಿಸದಿದ್ದರೆ ವಾಪಸ್ ಕೊಡಲು ಮೂರು ವಾರ ಇದೆ. ಮೊದಲ ದಿನ ಹೊಸದೇ ಚೆನ್ನಾಗಿದೆ ಅನಿಸಿತು, ಆದರೆ ಹೋದ ಸಲದ ಅನುಭವ ಆದ ಮೇಲೆ ಬರೀ ‘ಅನಿಸಿತು’ ಅನ್ನೋದನ್ನು ನಂಬಲು ಧೈರ್ಯ ಬರುತ್ತಿಲ್ಲ. ಇದು ಮುಗಿದ ಮೇಲೆ ಹೆಡ್‌ಫೋನ್ ಕೂಡ ಬದಲಿಸಬೇಕು.

ಪರೀಕ್ಷೆಗೆ ಅಂತ ಯಾವ ತರಹದ ಹಾಡು ಇಟ್ಟುಕೊಳ್ಳಬೇಕು? ಎಷ್ಟು ಸಾಕು? ಎಲ್ಲ ಕಡೆ ಸಿಗುವ ‘ಆಡಿಯೋಫೈಲ್’ (ಸದ್ದಿನ ಗುಣಮಟ್ಟದ ಹುಚ್ಚಿರುವವರ) ಪಟ್ಟಿಗಳಲ್ಲಿರುವ ಹಾಡುಗಳನ್ನು ನಾನು ಯಾವತ್ತೂ ಕೇಳಿದವನಲ್ಲ, ಅವನ್ನೇ ಹಾಕಬೇಕಾ ಅಥವಾ ನನಗೆ ಇಷ್ಟವಾದದ್ದು ಸಾಕಾ? ಎಲ್ಲಕ್ಕಿಂತ ಮುಖ್ಯವಾಗಿ, ಹಾಡು ಹಾಕಿ ಕೂತ ಮೇಲೆ ಏನನ್ನು ಗಮನಿಸಬೇಕು ಅನ್ನೋದೇ ಗೊತ್ತಾಗುತ್ತಿಲ್ಲ. ಸುಮ್ನೆ ‘ಚೆನ್ನಾಗಿದೆ’ ಅನಿಸುತ್ತದೆ, ಅಷ್ಟೇ.

ಮಿಕ್ಸರ್‌ಮುಂದೆ:

ಏನನ್ನು ಗಮನಿಸಬೇಕು ಅಂತ ಕೇಳಿದಿರಲ್ಲ, ಅದು ಸರಿಯಾದ ಪ್ರಶ್ನೆ. ಯಾವ ಹಾಡು ಅನ್ನೋದು ಆಮೇಲಿನ ಮಾತು. ನಾನು ಸುಮಾರು ವರ್ಷದಿಂದ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ ಕೆಲಸ ಮಾಡುತ್ತಿದ್ದೇನೆ, ಹೊಸ ಸ್ಪೀಕರ್ ಎದುರಿಗೆ ಕೂತಾಗ ಇಡೀ ಹಾಡು ಕೇಳುವುದೇ ಇಲ್ಲ. ಒಂದೊಂದು ಹಾಡಿನಲ್ಲಿ ಹತ್ತು ಹದಿನೈದು ಸೆಕೆಂಡಿನ ಒಂದು ಜಾಗ ಗುರುತು ಮಾಡಿಕೊಂಡಿರುತ್ತೇನೆ, ಆ ಜಾಗದಲ್ಲಿ ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕು.

ಮೊದಲು ಮನುಷ್ಯರ ದನಿ. ಹುಟ್ಟಿದಾಗಿಂದ ಕೇಳುತ್ತಿರುವ ಸದ್ದು ಅದು, ಸ್ವಲ್ಪ ಹೆಚ್ಚುಕಮ್ಮಿ ಆದರೂ ಕಿವಿ ಹಿಡಿದುಬಿಡುತ್ತದೆ. ನಿಮಗೆ ಬಾಯಿಪಾಠ ಆಗಿರುವ ಹಾಡೊಂದರಲ್ಲಿ ಸ, ಶ, ಚ ಸಾಲಾಗಿ ಬರುವ ಒಂದು ಸಾಲು ಹುಡುಕಿ. ಆ ಅಕ್ಷರಗಳ ಸುಯ್ ಅನ್ನುವ ಸದ್ದು ಹೆಚ್ಚಾಗಿ 5ರಿಂದ 8 ಕಿಲೋಹರ್ಟ್ಜ್ ನಡುವೆ ಇರುತ್ತದೆ. ನಿಮ್ಮ ಹೆಡ್‌ಫೋನ್ ಆ ಜಾಗವನ್ನು ಎತ್ತಿ ಕೊಡುತ್ತಿರಬೇಕು, ಅದಕ್ಕೇ ಚುಚ್ಚುತ್ತದೆ. ಇದರ ಎದುರು ತುದಿಗೆ ಒಂದು ದಪ್ಪ ಗಂಡು ದನಿ ಇಟ್ಟುಕೊಳ್ಳಿ. ಸ್ಪೀಕರ್ ಪೆಟ್ಟಿಗೆ ತಾನೇ ಅದುರುತ್ತಿದ್ದರೆ ಆ ದನಿ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ. ಕೇಳುವಾಗ ‘ಚೆನ್ನಾಗಿದೆಯಾ’ ಅಂತ ಕೇಳಿಕೊಳ್ಳಬೇಡಿ. ‘ಈ ಮನುಷ್ಯ ಎದುರಿಗೆ ಕೂತಿದ್ದರೆ ಹೀಗೇ ಕೇಳುತ್ತಿತ್ತಾ’ ಅಂತ ಕೇಳಿಕೊಳ್ಳಿ. ಉತ್ತರ ಬೇಗ ಬರುತ್ತದೆ.

ಒಂದು ಉದಾಹರಣೆ ಹೇಳಬೇಕು. ಹಾಡಿನ ಫೈಲನ್ನು ಕುಗ್ಗಿಸುವ ಎಂಪಿ3 ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ತಮ್ಮ ಕೆಲಸ ಪರೀಕ್ಷಿಸಲು ಸುಜಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಬಳಸಿದರು. 1987ರ ಆಲ್ಬಮ್‌ನಲ್ಲಿ ಬಂದ ಆ ಹಾಡಿನಲ್ಲಿ ವಾದ್ಯವೇ ಇಲ್ಲ, ಬರೀ ಒಂದು ಹೆಣ್ಣು ದನಿ. ಬೇರೆ ಸಂಗೀತ ಪರವಾಗಿಲ್ಲ ಅನ್ನುವ ಹಾಗೆ ಕೇಳುತ್ತಿದ್ದರೂ ಈ ಒಂಟಿ ದನಿ ಮಾತ್ರ ಕೆಟ್ಟು ಹೋಗುತ್ತಿತ್ತು. ಅದು ಸರಿಯಾಗುವ ತನಕ ಅವರು ಅದನ್ನೇ ಮತ್ತೆ ಮತ್ತೆ ಕೇಳಿ ತಿದ್ದಿದರು. ಒಳ್ಳೆಯ ಪರೀಕ್ಷೆಯ ಹಾಡು ಅಂದರೆ ನನ್ನ ಲೆಕ್ಕದಲ್ಲಿ ಇದು. ಕಿವಿಗೆ ಹಬ್ಬ ಆಗಬೇಕಿಲ್ಲ, ತಪ್ಪನ್ನು ಬಚ್ಚಿಡದಿದ್ದರೆ ಸಾಕು. ಅಂಗಡಿಯ ಡೆಮೋ ಟ್ರ್ಯಾಕ್‌ಗಳು ಇದಕ್ಕೆ ತದ್ವಿರುದ್ಧ, ಯಾವ ಸ್ಪೀಕರ್‌ಗೆ ಹಾಕಿದರೂ ಬೆರಗಾಗುವ ಹಾಗೆ ಆರಿಸಿರುತ್ತಾರೆ.

ಈಗ ನಿಮ್ಮ ಹೊಸ ಜೊತೆಯ ವಿಷಯ. ಎರಡನ್ನೂ ಹೋಲಿಸುವಾಗ ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿ ಇಟ್ಟಿದ್ದಿರಾ? ಹಾಗಿದ್ದರೆ ಆ ಹೋಲಿಕೆಯನ್ನು ಮರೆತುಬಿಡಿ. ಅಷ್ಟೇ ಕರೆಂಟಿಗೆ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಗಟ್ಟಿಯಾಗಿ ಕೇಳುವುದು ಮಾಮೂಲು. ಒಂದು ಡೆಸಿಬಲ್ ಗಟ್ಟಿ ಇದ್ದರೆ ‘ಗಟ್ಟಿ ಇದೆ’ ಅಂತ ನಿಮಗೆ ಅನಿಸುವುದಿಲ್ಲ, ‘ಸ್ಪಷ್ಟವಾಗಿದೆ, ಬಾಸ್ ಚೆನ್ನಾಗಿದೆ’ ಅನಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ, ಸದ್ದು ಮೆಲ್ಲಗಾದಷ್ಟೂ ನಮ್ಮ ಕಿವಿಗೆ ಬಾಸ್ ಮಿಕ್ಕದ್ದಕ್ಕಿಂತ ಜಾಸ್ತಿ ಕಡಿಮೆ ಆದ ಹಾಗೆ ಕೇಳುತ್ತದೆ. ಅಂದರೆ ಮೆಲ್ಲಗೆ ಇಟ್ಟ ಸ್ಪೀಕರ್ ಏನೂ ತಪ್ಪು ಮಾಡದೆ ಸೋಲುತ್ತದೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಿ, ನೀವು ಕೂರುವ ಜಾಗದಲ್ಲಿ ಫೋನ್ ಇಡಿ, ಪಿಂಕ್ ನಾಯ್ಸ್ (ಜಲಪಾತದ ಹಾಗೆ ಹೋ ಅನ್ನುವ ಪರೀಕ್ಷೆಯ ಸದ್ದು) ಹಾಕಿ ಎರಡು ಜೊತೆಗೂ ಒಂದೇ ಅಂಕಿ ಬರುವ ಹಾಗೆ ವಾಲ್ಯೂಮ್ ಗುರುತು ಮಾಡಿಕೊಳ್ಳಿ. ಆ್ಯಪ್ ತೋರಿಸುವ ಅಂಕಿ ಖಚಿತ ಇರಬೇಕು ಅಂತಿಲ್ಲ, ಎರಡಕ್ಕೂ ಒಂದೇ ಆಗಿದ್ದರೆ ಸಾಕು.

ಇನ್ನೊಂದು ಮಾತು. ಸದ್ದಿನ ಸೂಕ್ಷ್ಮ ವಿವರ ನಮ್ಮ ನೆನಪಿನಲ್ಲಿ ಕೆಲವೇ ಸೆಕೆಂಡು ನಿಲ್ಲುತ್ತದೆ. ಇವತ್ತು ಒಂದು, ನಾಳೆ ಇನ್ನೊಂದು ಕೇಳಿ ಹೋಲಿಸಿದರೆ ನೀವು ಹೋಲಿಸುವುದು ಸದ್ದನ್ನಲ್ಲ, ಆ ದಿನದ ನಿಮ್ಮ ಮನಸ್ಸನ್ನು. ಅದೇ ಹತ್ತು ಸೆಕೆಂಡನ್ನು ಇದರಲ್ಲಿ ಒಮ್ಮೆ, ಅದರಲ್ಲಿ ಒಮ್ಮೆ, ತಕ್ಷಣ ಬದಲಿಸಿ ಕೇಳಿ.

ಸುಮ್ನೆಕೇಳು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಇಷ್ಟವಾದ ಹಾಡುಗಳನ್ನೇ ಹಾಕಿ, ಆದರೆ ಅತಿ ಪ್ರೀತಿಯ ಒಂದೆರಡನ್ನು ಈ ಪರೀಕ್ಷೆಗೆ ಎಳೆದು ತರಬೇಡಿ. ನಾನು ಹಾಗೆ ಮಾಡಿ ಒಂದು ಹಾಡನ್ನು ಕಳೆದುಕೊಂಡೆ. ಚಿಕ್ಕ ವಯಸ್ಸಿನಿಂದ ಜೊತೆಗಿದ್ದ ಹಾಡು ಅದು, ನೂರಾರು ಸಲ ಹತ್ತು ಹತ್ತು ಸೆಕೆಂಡು ಕತ್ತರಿಸಿ ಕೇಳಿದ ಮೇಲೆ ಈಗ ಪಲ್ಲವಿ ಶುರುವಾದರೆ ಟ್ರೆಬಲ್ ಹೇಗಿದೆ ಅಂತ ಕಿವಿ ಹೋಗುತ್ತದೆ, ಹಾಡು ಕೇಳುವುದೇ ಇಲ್ಲ. ಚೆನ್ನಾಗಿ ಗೊತ್ತಿರುವ, ಆದರೆ ಮನಸ್ಸಿಗೆ ಅಷ್ಟು ಹತ್ತಿರವಲ್ಲದ ಹಾಡು ಒಳ್ಳೆಯದು.

ಮೂಲೆಬಾಸ್:

ಬಾಸ್ ಬಗ್ಗೆ ಯಾರೂ ಹೇಳಲಿಲ್ಲ, ಅದರಲ್ಲೇ ಜನ ಜಾಸ್ತಿ ಮೋಸ ಹೋಗೋದು.

ಬಾಸ್ ಪರೀಕ್ಷೆಗೆ ಅಂದರೆ ಎಲ್ಲರೂ ಗುದ್ದುವ ಎಲೆಕ್ಟ್ರಾನಿಕ್ ಹಾಡು ಹಾಕುತ್ತಾರೆ. ಅಂಥ ಹಾಡಿನಲ್ಲಿ ಇಡೀ ಹೊತ್ತು ಒಂದೆರಡೇ ಸ್ವರ ಗುದ್ದುತ್ತಿರುತ್ತದೆ, ಆ ಸ್ವರವೊಂದನ್ನು ನಿಮ್ಮ ಸ್ಪೀಕರ್ ಎತ್ತಿ ಕೊಟ್ಟರೆ ಆಹಾ ಅನಿಸುತ್ತದೆ. ಅದರ ಬದಲು ಬಾಸ್ ಗಿಟಾರ್ ಅಥವಾ ಡಬಲ್ ಬಾಸ್ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಏರುತ್ತಾ ಇಳಿಯುತ್ತಾ ಹೋಗುವ ಒಂದು ತುಣುಕು ಹುಡುಕಿ. ಜಾಜ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಪ್ರತಿ ಸ್ವರವೂ ಹೆಚ್ಚುಕಮ್ಮಿ ಒಂದೇ ಗಟ್ಟಿಯಲ್ಲಿ ಕೇಳಬೇಕು. ಒಂದು ಸ್ವರ ಗುಂಯ್ ಅಂತ ಕೋಣೆಯೆಲ್ಲ ತುಂಬಿ, ಅದರ ಪಕ್ಕದ್ದು ಕಾಣೆಯಾದರೆ ಎಲ್ಲೋ ತೊಂದರೆ ಇದೆ ಅಂತ ಅರ್ಥ.

ಆದರೆ ಆ ತೊಂದರೆ ಸ್ಪೀಕರಿನದು ಅಂತ ತಕ್ಷಣ ತೀರ್ಮಾನ ಮಾಡಬೇಡಿ, ಬಹಳ ಸಲ ಅದು ಕೋಣೆಯದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಕೋಣೆಯ ಉದ್ದ 4 ಮೀಟರ್ ಇದ್ದರೆ 43 ಹರ್ಟ್ಜ್ ಸದ್ದಿನ ಅರ್ಧ ಅಲೆ ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುತ್ತದೆ, ಅದರ ಎರಡರಷ್ಟು 86ರಲ್ಲೂ ಹಾಗೇ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಅದರ ಮುಂದಿನ ಸ್ವರ ಸುಮಾರು 44. ಅಂದರೆ ಆ ಕೋಣೆಯಲ್ಲಿ ಆ ಸ್ವರಗಳು ಗೋಡೆ ಪಕ್ಕ ಊದಿಕೊಳ್ಳುತ್ತವೆ, ಕೋಣೆಯ ನಡುವೆ ಬಂದು ನಿಂತರೆ ಮಾಯವಾಗುತ್ತವೆ. ಹಾಡು ಓಡುತ್ತಿರುವಾಗ ಎದ್ದು ನಡೆದಾಡಿ ನೋಡಿ, ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಹಾಗಾಗಿ ಎರಡು ಜೊತೆಯನ್ನೂ ಒಂದೇ ಜಾಗದಲ್ಲಿ ಇಟ್ಟು, ಒಂದೇ ಕುರ್ಚಿಯಲ್ಲಿ ಕೂತು ಕೇಳಬೇಕು. ಒಂದು ಜೊತೆ ಮೂಲೆಯಲ್ಲಿ, ಇನ್ನೊಂದು ಮೇಜಿನ ಮೇಲೆ ಇಟ್ಟು ಹೋಲಿಸಿದರೆ ಮೂಲೆಗೂ ಮೇಜಿಗೂ ಸ್ಪರ್ಧೆ ಇಟ್ಟ ಹಾಗಾಗುತ್ತದೆ.

ಚಿಕ್ಕ ಸ್ಪೀಕರಿನಲ್ಲಿ 40 ಹರ್ಟ್ಜ್ ಹೆಚ್ಚಾಗಿ ಬರುವುದೇ ಇಲ್ಲ. ಆದರೂ ಬಾಸ್ ಗಿಟಾರ್ ಕೇಳುತ್ತದಲ್ಲ ಅಂದರೆ, ಆ ಸ್ವರದ ಮೇಲಿನ 80, 120ರ ಪದರಗಳು ಬರುತ್ತವೆ, ಕೆಳಗಿನದನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ತಪ್ಪೇನಿಲ್ಲ, ಆದರೆ ಗೊತ್ತಿರಲಿ.

ಹಾಡು ಹಾಕುವ ಮುಂಚೆ ಇನ್ನೊಂದು ಕೆಲಸ. ಗಾಯಕನ ದನಿ ನಡುವೆ ಬರುವ ಯಾವುದಾದರೂ ಹಾಡು ಹಾಕಿ, ದನಿ ಎರಡು ಸ್ಪೀಕರಿನ ಸರಿಯಾಗಿ ಮಧ್ಯೆ, ಗಾಳಿಯಲ್ಲಿ ಯಾರೋ ನಿಂತಿರುವ ಹಾಗೆ ಕೇಳುತ್ತಿದೆಯಾ ನೋಡಿ. ನನ್ನ ತಮ್ಮ ಎರಡು ವಾರ ತನ್ನ ಹೊಸ ಸ್ಪೀಕರ್‌ಗಳನ್ನು ಬೈಯುತ್ತಿದ್ದ, ಬಾಸ್ ಇಲ್ಲ, ದನಿ ಎಲ್ಲೆಲ್ಲಿಂದಲೋ ಬರುತ್ತಿದೆ, ತಲೆ ಸುತ್ತುತ್ತದೆ ಅಂತ. ಹೋಗಿ ಹಿಂದೆ ಬಗ್ಗಿ ನೋಡಿದರೆ ಎಡಗಡೆಯದಕ್ಕೆ ಕೆಂಪು ತಂತಿ ಕಪ್ಪಿಗೆ, ಕಪ್ಪು ತಂತಿ ಕೆಂಪಿಗೆ ಹೋಗಿತ್ತು. ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು, ಕೆಳಗಿನ ಸ್ವರಗಳು ಒಂದನ್ನೊಂದು ಅಳಿಸಿ ಹಾಕುತ್ತಿದ್ದವು. ತಂತಿ ಬದಲಿಸಿ ಅದೇ ಹಾಡು ಹಾಕಿದಾಗ ದನಿ ಬಂದು ನಡುವೆ ನಿಂತಿತು, ಅವನು ಮಾತಾಡದೆ ಹಾಡು ಮುಗಿಯುವ ತನಕ ಕೂತಿದ್ದ.

ಅಳತೆಗೋಲು:

ಮಿಕ್ಸರ್‌ಮುಂದೆ ಅವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ, ಆದರೆ ‘ಮೊದಲು ದನಿ’ ಅನ್ನೋದಕ್ಕೆ ಒಂದು ತಿದ್ದುಪಡಿ ಬೇಕು. ಒಂಟಿ ದನಿ, ಒಂಟಿ ಗಿಟಾರ್ ಇರುವ ರೆಕಾರ್ಡಿಂಗ್ ಕೇಳಲು ಬಹಳ ಚೆಂದ, ಆದರೆ ಸ್ಪೀಕರ್ ತಾನಾಗಿ ಸದ್ದಿಗೆ ಸೇರಿಸುವ ಬಣ್ಣವನ್ನು ಬಯಲು ಮಾಡುವುದರಲ್ಲಿ ಅದು ಹಿಂದೆ ಬೀಳುತ್ತದೆ.

ಶಾನ್ ಆಲಿವ್ ಅನ್ನುವ ಸಂಶೋಧಕರು ಇದನ್ನು 1994ರಲ್ಲಿ ಪರೀಕ್ಷಿಸಿದ್ದಾರೆ. ಜನರನ್ನು ಕೂರಿಸಿ, ಬೇರೆ ಬೇರೆ ಸದ್ದು ಹಾಕಿ, ಅದರಲ್ಲಿ ಬೇಕಂತಲೇ ಮಾಡಿದ ಏರುಪೇರನ್ನು ಯಾವ ಸದ್ದಿನಲ್ಲಿ ಚೆನ್ನಾಗಿ ಗುರುತಿಸುತ್ತಾರೆ ಅಂತ ನೋಡಿದರು. ಮುಂದೆ ಬಂದದ್ದು ಪಿಂಕ್ ನಾಯ್ಸ್, ಹಾಡುಗಳ ಪೈಕಿ 1988ರ ಟ್ರೇಸಿ ಚಾಪ್‌ಮನ್ ಹಾಡು ‘ಫಾಸ್ಟ್ ಕಾರ್’. ಒಂಟಿ ವಾದ್ಯ, ಬರೀ ಮಾತು ಹಿಂದೆ ಉಳಿದವು. ಕಾರಣ ಸರಳ. ಸ್ಪೀಕರ್ ಒಂದು ಕಡೆ, ಉದಾಹರಣೆಗೆ 300 ಹರ್ಟ್ಜ್ ಹತ್ತಿರ, ಉಬ್ಬಿಕೊಂಡಿದೆ ಅಂತಿಟ್ಟುಕೊಳ್ಳಿ. ಹಾಡಿನಲ್ಲಿ ಆ ಜಾಗದಲ್ಲಿ ಸದ್ದೇ ಇಲ್ಲದಿದ್ದರೆ ಉಬ್ಬು ಹೇಗೆ ಕೇಳಬೇಕು? ಡ್ರಮ್, ಬಾಸ್, ಗಿಟಾರ್, ದನಿ ಎಲ್ಲ ಒಟ್ಟಿಗೆ ಕೆಳಗಿನಿಂದ ಮೇಲಿನವರೆಗೆ ಒತ್ತೊತ್ತಾಗಿ ತುಂಬಿದ ಹಾಡಿನಲ್ಲಿ ಉಬ್ಬಿದ ಜಾಗಕ್ಕೆ ಯಾವಾಗಲೂ ಏನಾದರೂ ತಾಗುತ್ತಿರುತ್ತದೆ.

ಪಿಂಕ್ ನಾಯ್ಸ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಜಲಪಾತದ ಹಾಗೆ ಹೋ ಅನ್ನುವ ಸದ್ದು, ಪ್ರತಿ ಸಪ್ತಕದಲ್ಲೂ ಸಮ ಶಕ್ತಿ ಇರುತ್ತದೆ. ಒಂದೇ ಸ್ಪೀಕರಿನಲ್ಲಿ ಹಾಕಿ, ನಂತರ ಇನ್ನೊಂದು ಜೊತೆಯ ಒಂದು ಸ್ಪೀಕರಿನಲ್ಲಿ ಹಾಕಿ. ಒಂದರಲ್ಲಿ ಹೋ ಅನ್ನುವುದು ಇನ್ನೊಂದರಲ್ಲಿ ಹೂ ಅಂತಲೋ ಹಾ ಅಂತಲೋ ಕೇಳಿದರೆ ಅದೇ ವ್ಯತ್ಯಾಸ, ಹಾಡಿನಲ್ಲೂ ಅದು ಇದ್ದೇ ಇರುತ್ತದೆ. ಒಂದೇ ಸ್ಪೀಕರ್ ಯಾಕೆ ಅಂದರೆ, ಎರಡು ಕೂಡಿ ಹಾಡಿದಾಗ ಆ ವಿಶಾಲ ಸದ್ದಿನಲ್ಲಿ ಚಿಕ್ಕ ತಪ್ಪುಗಳು ಮುಚ್ಚಿಹೋಗುತ್ತವೆ.

ಇನ್ನೊಂದು, ಕಣ್ಣು ಮುಚ್ಚಿ ಕೇಳಿ ಅನ್ನೋದಕ್ಕಿಂತ ಕಣ್ಣಿಗೆ ಕಾಣದ ಹಾಗೆ ಮಾಡಿ ಕೇಳಿ. ಫ್ಲಾಯ್ಡ್ ಟೂಲ್ ಅನ್ನುವ ಇನ್ನೊಬ್ಬ ಸಂಶೋಧಕರು ಮತ್ತು ಆಲಿವ್ ಅವರೇ ತೋರಿಸಿದ್ದು, ಯಾವ ಸ್ಪೀಕರ್ ಅಂತ ಕಂಡಾಗ ಕೊಡುವ ಅಂಕ ಬೇರೆ, ಪರದೆ ಹಿಂದೆ ಇಟ್ಟಾಗ ಕೊಡುವ ಅಂಕ ಬೇರೆ. ಆ ಪ್ರಯೋಗದಲ್ಲಿ ಇದ್ದವರು ಕೇಳುವುದರಲ್ಲಿ ಪಳಗಿದವರು ಕೂಡ. ತೆಳು ಬಟ್ಟೆ ಇಳಿಬಿಟ್ಟು, ಬೇರೆ ಯಾರಾದರೂ ತಂತಿ ಬದಲಿಸಿಕೊಟ್ಟರೆ ಸಾಕು.

ಮಿಕ್ಸರ್‌ಮುಂದೆ:

ಈ ತಿದ್ದುಪಡಿ ಒಪ್ಪಿದೆ. ನಾನು ದನಿಯನ್ನು ಮೊದಲು ಇಡುವುದು ಕಿವಿ ಬೇಗ ಹಿಡಿಯುತ್ತದೆ ಅಂತ, ಆದರೆ ಒಟ್ಟು ಬಣ್ಣ ನೋಡಲು ತುಂಬಿದ ಹಾಡು ಬೇಕೇ ಬೇಕು. ಅದಕ್ಕೆ ಒಂದು ಸೇರಿಸುತ್ತೇನೆ, ಪಟ್ಟಿಯಲ್ಲಿ ಸಾಧಾರಣವಾಗಿ ರೆಕಾರ್ಡ್ ಆದ ಒಂದು ಹಾಡೂ ಇರಲಿ. ನೀವು ಕೇಳುವುದರಲ್ಲಿ ಅರ್ಧ ಹಳೆಯದೋ, ಗಟ್ಟಿ ಮಾಡಲು ಹೋಗಿ ಚಪ್ಪಟೆಯಾದದ್ದೋ ಇರುತ್ತದೆ. ಅಂಥದ್ದನ್ನು ಕೇಳಲಾಗದ ಹಾಗೆ ಮಾಡುವ ಸ್ಪೀಕರ್ ಜೊತೆ ದಿನಾ ಬಾಳುವುದು ಕಷ್ಟ. ಟೂಲ್ ಇದರ ಬುಡವನ್ನು ‘ಗೊಂದಲದ ವರ್ತುಲ’ ಅಂತ ಕರೆದಿದ್ದಾರೆ: ಹಾಡನ್ನು ಯಾವುದೋ ಸ್ಪೀಕರಿನಲ್ಲಿ ಕೇಳಿ ಮಿಕ್ಸ್ ಮಾಡಿರುತ್ತಾರೆ, ಆ ಹಾಡನ್ನೇ ಹಾಕಿ ನಾವು ಇನ್ನೊಂದು ಸ್ಪೀಕರನ್ನು ಅಳೆಯುತ್ತೇವೆ. ಹಾಗಾಗಿ ಒಂದೇ ಹಾಡಿನಲ್ಲಿ ‘ಸ’ ಚುಚ್ಚಿದರೆ ಅದು ಹಾಡಿನದೇ ಇರಬಹುದು. ಬೇರೆ ಬೇರೆ ಕಡೆ ರೆಕಾರ್ಡ್ ಆದ ಮೂರರಲ್ಲೂ ಚುಚ್ಚಿದರೆ ಸ್ಪೀಕರನ್ನು ಅನುಮಾನಿಸಿ.

ಹೊಸಕಿವಿ:

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ವಾಲ್ಯೂಮ್ ವಿಷಯ ನಿಜ, ನಾನು ಗುಂಡಿ ಮುಟ್ಟಿರಲೇ ಇಲ್ಲ. ಈ ವಾರ ಸರಿಯಾಗಿ ಮಾಡುತ್ತೇನೆ. ಹೆಡ್‌ಫೋನಿಗೂ ಇದೇ ಹಾಡುಗಳು ನಡೆಯುತ್ತವಾ? ಅಲ್ಲಿ ಕೋಣೆಯ ಕಾಟ ಇಲ್ಲ ಅಲ್ವಾ, ಸುಲಭ ಇರಬೇಕು.

ಎಡಬಲ:

ಕೋಣೆಯ ಕಾಟ ಇಲ್ಲ, ಅದರ ಜಾಗಕ್ಕೆ ನಿಮ್ಮ ಕಿವಿಯ ಆಕಾರ ಬಂದು ಕೂರುತ್ತದೆ. ಹಾಡುಗಳು ಅವೇ ನಡೆಯುತ್ತವೆ, ನೋಡಬೇಕಾದದ್ದು ಸ್ವಲ್ಪ ಬೇರೆ.

ಮೊದಲು ಕೂರುವ ರೀತಿ. ಕಿವಿಯೊಳಗೆ ಹಾಕುವ ಇಯರ್‌ಫೋನ್ ಆದರೆ ತುದಿಯ ರಬ್ಬರ್ ಟಿಪ್ ಸರಿಯಾಗಿ ಮುಚ್ಚಿಕೊಳ್ಳಲೇಬೇಕು. ಕೂದಲೆಳೆ ಸಂದಿ ಇದ್ದರೂ ಬಾಸ್ ಸೋರಿಹೋಗುತ್ತದೆ, ಉಳಿದ ಸದ್ದು ತೆಳ್ಳಗೆ, ಕೀರಲಾಗಿ ಕೇಳುತ್ತದೆ. ಎಷ್ಟೋ ಜನ ‘ಇದರಲ್ಲಿ ಬಾಸೇ ಇಲ್ಲ’ ಅಂತ ಬರೆಯುವುದು ಟಿಪ್ ಅಳತೆ ತಪ್ಪಿದ್ದಕ್ಕೆ. ನನ್ನ ಎಡಗಿವಿಗೆ ದೊಡ್ಡ ಟಿಪ್, ಬಲಕ್ಕೆ ಮಧ್ಯಮ, ಅದು ಗೊತ್ತಾಗಲು ನನಗೆ ವರ್ಷ ಹಿಡಿಯಿತು. ಬಾಸ್ ಗಿಟಾರ್ ನಡುವೆ ಇರುವ ಹಾಡು ಹಾಕಿ, ಬಾಸ್ ಒಂದು ಕಡೆಗೆ ಜಾರುತ್ತಿದ್ದರೆ ಇನ್ನೊಂದು ಕಿವಿಯ ಟಿಪ್ ಸರಿ ಕೂತಿಲ್ಲ ಅಂತ ತಿಳಿಯಿರಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಕನ್ನಡಕದ ಕಡ್ಡಿ ಇದೇ ಕೆಲಸ ಮಾಡುತ್ತದೆ. ಕನ್ನಡಕ ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳಿ.

ಎರಡನೆಯದು, ಮೋನೋ ಪರೀಕ್ಷೆ. ಎರಡು ಕಡೆಯೂ ಒಂದೇ ಸದ್ದು ಇರುವ ರೆಕಾರ್ಡಿಂಗ್ ಹಾಕಿದರೆ ಅದು ತಲೆಯ ನಡುವೆ ಒಂದು ಚುಕ್ಕಿಯ ಹಾಗೆ ನಿಲ್ಲಬೇಕು. ಕೆಳಗಿನ ಸ್ವರ ನಡುವೆ ಇದ್ದು ಮೇಲಿನದು ಎಡಕ್ಕೋ ಬಲಕ್ಕೋ ಎಳೆದರೆ ಎರಡು ಬದಿಯ ಡ್ರೈವರ್‌ಗಳು (ಒಳಗೆ ಸದ್ದು ಹುಟ್ಟಿಸುವ ಭಾಗಗಳು) ಹೊಂದುತ್ತಿಲ್ಲ. ಅದಲು ಬದಲು ಮಾಡಿ ಹಾಕಿ ನೋಡಿ: ಎಳೆತ ಕೂಡ ಬದಿ ಬದಲಿಸಿದರೆ ತಪ್ಪು ಹೆಡ್‌ಫೋನಿನದು, ಅಲ್ಲೇ ಉಳಿದರೆ ನಿಮ್ಮ ಕಿವಿಯದು. ಬಹಳ ಜನರ ಎರಡು ಕಿವಿ ಒಂದೇ ಸಮ ಇರುವುದಿಲ್ಲ, ಗಾಬರಿ ಆಗಬೇಡಿ.

1960ರ ದಶಕದ ಕೆಲವು ಸ್ಟೀರಿಯೋ ರೆಕಾರ್ಡಿಂಗ್‌ಗಳಲ್ಲಿ ದನಿ ಪೂರ್ತಿ ಒಂದು ಕಡೆ, ವಾದ್ಯ ಪೂರ್ತಿ ಇನ್ನೊಂದು ಕಡೆ. ಸ್ಪೀಕರಿನಲ್ಲಿ ಎಡಗಡೆಯ ಸದ್ದು ಬಲಗಿವಿಗೂ ತಲುಪುತ್ತದೆ, ಹಾಗಾಗಿ ಪರವಾಗಿಲ್ಲ. ಹೆಡ್‌ಫೋನಿನಲ್ಲಿ ಅದು ಹಿಂಸೆ. ಅದನ್ನು ಕೇಳಿ ಹೆಡ್‌ಫೋನ್ ಸರಿಯಿಲ್ಲ ಅನ್ನಬೇಡಿ.

ಎಲ್ಲಕ್ಕೂ ಮುಂಚೆ ಫೋನಿನ ಸೆಟ್ಟಿಂಗ್ಸ್ ತೆಗೆದು ಈಕ್ವಲೈಸರ್, ‘ಬಾಸ್ ಬೂಸ್ಟ್’, ‘ಸರೌಂಡ್’ ಎಲ್ಲ ಆಫ್ ಮಾಡಿ. ಸುತ್ತಲಿನ ಗದ್ದಲ ತಡೆಯುವ ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಆನ್ ಮಾಡಿ, ಆಫ್ ಮಾಡಿ ಎರಡೂ ಕೇಳಿ, ಕೆಲವು ಹೆಡ್‌ಫೋನುಗಳಲ್ಲಿ ಸದ್ದಿನ ಬಣ್ಣವೇ ಬದಲಾಗುತ್ತದೆ. ಬ್ಲೂಟೂತ್ ಆದರೆ ಸದ್ದನ್ನು ಕುಗ್ಗಿಸಿ ಕಳಿಸುತ್ತದೆ, ಅದನ್ನು ಪರೀಕ್ಷಿಸಲು ಟಕ್ ಅನ್ನುವ ಚುರುಕು ಸದ್ದು ಬೇಕು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಇಬಿಯು 1988ರಲ್ಲಿ ಪರೀಕ್ಷೆಗಾಗಿಯೇ ಒಂದು ಸಿಡಿ ತಂದಿತ್ತು, ಹೆಸರು ‘ಸ್ಕ್ವಾಮ್’, ಅವರ ಸೈಟಿನಲ್ಲಿ ಈಗ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕ್ಯಾಸ್ಟನೆಟ್ ಅನ್ನುವ ಮರದ ಚಿಟಿಕೆಯ ಟ್ರ್ಯಾಕ್ ಇದೆ. ಟಕ್ ಅನ್ನುವ ಮುಂಚೆಯೇ ಒಂದು ಮಸುಕು ಸುಯ್ ಬಂದರೆ ಸದ್ದನ್ನು ಕುಗ್ಗಿಸುವಾಗ ಕೆಟ್ಟಿದೆ. ತಂತಿ ಹಾಕಿ ಅದನ್ನೇ ಕೇಳಿ, ಸುಯ್ ಹೋದರೆ ಹೆಡ್‌ಫೋನ್ ನಿರಪರಾಧಿ.

ವಾಲ್ಯೂಮ್ ಮೇಲೆ ನಿಗಾ ಇರಲಿ, ಪರೀಕ್ಷೆ ಮಾಡುತ್ತಾ ಮಾಡುತ್ತಾ ಏರಿಸುತ್ತಾ ಹೋಗುತ್ತೇವೆ. ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಮಿತಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಗಟ್ಟಿಯಾದರೆ ಹೊತ್ತು ಬೇಗ ಬೇಗ ಕಡಿಮೆಯಾಗುತ್ತದೆ.

ಮೃದಂಗಪ್ರಿಯೆ:

ನಾನು ಅಳತೆ, ಅಂಕಿ ಗೊತ್ತಿರುವವಳಲ್ಲ, ಚಿಕ್ಕಂದಿನಿಂದ ಕಛೇರಿ ಕೇಳಿ ಬೆಳೆದವಳು. ನನ್ನ ಪಟ್ಟಿಯಲ್ಲಿ ಎರಡೇ ಎರಡು ಇವೆ.

ಒಂದು ತಂಬೂರಿ, ಬರೀ ತಂಬೂರಿ, ಒಂದು ನಿಮಿಷ. ತಂತಿಗಳನ್ನು ಎತ್ತಿ ಹಿಡಿಯುವ ‘ಕುದುರೆ’ಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲು ಸರಿಯಾದ ಜಾಗದಲ್ಲಿ ಇದ್ದರೆ ತಂತಿ ಮೀಟಿದ ಮೇಲೆ ಝೇಂಕಾರ ಒಂದೇ ಸಮ ಇರುವುದಿಲ್ಲ, ಒಳಗಿನ ಮೇಲಿನ ಸ್ವರಗಳು ಒಂದರ ಹಿಂದೆ ಒಂದು ಅರಳುತ್ತಾ ಹೋಗುತ್ತವೆ. ಮುಂದಿನ ತಂತಿ ಮೀಟುವಾಗ ಹಿಂದಿನದು ಇನ್ನೂ ಆರಿರುವುದಿಲ್ಲ, ಎರಡೂ ಬೆರೆಯುವುದು ಕೇಳಬೇಕು. ಒಳ್ಳೆಯ ಹೆಡ್‌ಫೋನಿನಲ್ಲಿ ಇದು ಉಸಿರಾಡಿದ ಹಾಗೆ ಕೇಳುತ್ತದೆ. ಸರಿಯಿಲ್ಲದ್ದರಲ್ಲಿ ನೊಣ ಹಾರಿದ ಹಾಗೆ ಒಂದೇ ರಗಳೆ. ಕಡಿಮೆ ಗುಣಮಟ್ಟದ ಫೈಲ್ ಆದರೆ ಆ ಝೇಂಕಾರದಲ್ಲಿ ನೀರು ಅಲುಗಿದ ಹಾಗೆ ಏನೋ ಓಲಾಡುತ್ತದೆ, ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ತನಿ ಆವರ್ತನದಲ್ಲಿ ಬರೀ ಮೃದಂಗ ಇರುವ ಭಾಗ. ಮೃದಂಗದ ಬಲಗಡೆ ಸದ್ದು ಬರೀ ಟಪ್ ಅಲ್ಲ, ಅದು ಸ್ವರ. ಕಪ್ಪಗೆ ಹಚ್ಚಿರುವ ಕರಣೆಯ ಕಾರಣಕ್ಕೆ ಆ ಚರ್ಮದ ಮೇಲಿನ ಸ್ವರಗಳು ತಂತಿ ವಾದ್ಯದ ಹಾಗೆ ಹೊಂದಿ ಬರುತ್ತವೆ ಅನ್ನೋದನ್ನು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಸ್ಪೀಕರ್ ಚೆನ್ನಾಗಿದ್ದರೆ ಆ ಶ್ರುತಿ ನಿಮಗೆ ಕೇಳುತ್ತದೆ, ಜೊತೆಗೆ ಗುನುಗಬಹುದು. ಎಡಗಡೆಯ ಗುಮ್ಕಿ ಅನ್ನುವ ಜಾರು ನಾದ ಕೆಳಗಿನಿಂದ ಮೇಲಕ್ಕೆ ಜಾರುವುದು ನಡುವೆ ಎಲ್ಲೂ ಕಡಿಯದೆ ಒಂದೇ ಎಳೆಯಾಗಿ ಬರಬೇಕು. ಜಾರುವಾಗ ಒಂದು ಜಾಗದಲ್ಲಿ ಮಾತ್ರ ಧಿಂ ಅಂತ ಉಬ್ಬಿದರೆ ಮೂಲೆಬಾಸ್ ಅವರು ಹೇಳಿದ ಕೋಣೆಯ ತೊಂದರೆ ಅದೇ ಇರಬೇಕು, ಇವತ್ತು ಓದಿದ ಮೇಲೆ ನನಗೆ ಅರ್ಥವಾಯಿತು.

ಹೊಸಕಿವಿ:

ಎರಡು ವಾರ ಆಯಿತು, ಏನಾಯಿತು ಅಂತ ಹೇಳದೆ ಇರಲು ಮನಸ್ಸಾಗಲಿಲ್ಲ.

ಪಟ್ಟಿ ಕೊನೆಗೆ ಏಳಕ್ಕೆ ನಿಂತಿತು. ಒಂದು ಹೆಣ್ಣು ದನಿ, ಒಂದು ದಪ್ಪ ಗಂಡು ದನಿ, ಎಲ್ಲ ತುಂಬಿದ ಒಂದು ಬ್ಯಾಂಡ್ ಹಾಡು, ಡಬಲ್ ಬಾಸ್ ಮೆಟ್ಟಿಲು ಹತ್ತುವ ಒಂದು ಜಾಜ್ ತುಣುಕು, ಮೃದಂಗ, ಹಳೆಯ ಮೋನೋ ರೆಕಾರ್ಡಿಂಗ್ ಒಂದು, ಆಮೇಲೆ ಪಿಂಕ್ ನಾಯ್ಸ್. ಪ್ರತಿಯೊಂದರಲ್ಲೂ ಯಾವ ಸೆಕೆಂಡಿನಿಂದ ಯಾವ ಸೆಕೆಂಡಿನ ತನಕ, ಏನು ಕೇಳಬೇಕು ಅಂತ ಒಂದು ಸಾಲು ಬರೆದುಕೊಂಡೆ. ಅತಿ ಪ್ರೀತಿಯ ಹಾಡನ್ನು ಹೊರಗೇ ಇಟ್ಟೆ.

ವಾಲ್ಯೂಮ್ ಅಳೆದಾಗ ಗೊತ್ತಾಯಿತು, ಹೊಸ ಜೊತೆ 3 ಡೆಸಿಬಲ್ ಗಟ್ಟಿ ಇತ್ತು. ಅದನ್ನು ಸಮ ಮಾಡಿದ್ದೇ ತಡ, ಮೊದಲ ದಿನ ನನ್ನನ್ನು ಸೆಳೆದದ್ದು ಅರ್ಧಕ್ಕರ್ಧ ಮಾಯವಾಯಿತು. ಬಟ್ಟೆ ಇಳಿಬಿಟ್ಟು, ತಂಗಿ ತಂತಿ ಬದಲಿಸಿಕೊಟ್ಟಳು, ಯಾವುದು ಅಂತ ಹೇಳದೆ ಒಂದು ಕಾಗದದಲ್ಲಿ ಬರೆದಿಟ್ಟಳು. ಮೂರು ಸಂಜೆ ಕೇಳಿದೆವು. ಬ್ಯಾಂಡ್ ಹಾಡು ಮತ್ತು ಪಿಂಕ್ ನಾಯ್ಸ್‌ನಲ್ಲಿ ವ್ಯತ್ಯಾಸ ಎದ್ದು ಕಂಡಿತು, ಒಂದರಲ್ಲಿ ಗಿಟಾರ್ ಮತ್ತು ದನಿ ಒಂದರ ಮೇಲೊಂದು ಬಿದ್ದ ಹಾಗೆ, ಇನ್ನೊಂದರಲ್ಲಿ ಎರಡರ ನಡುವೆ ಜಾಗ ಇತ್ತು. ಹೆಣ್ಣು ದನಿಯಲ್ಲಿ ‘ಸ’ ಎರಡರಲ್ಲೂ ಚುಚ್ಚಲಿಲ್ಲ. ಮೃದಂಗದಲ್ಲಿ ನಾನು ಮೊದಲ ಸಲ ಶ್ರುತಿ ಕೇಳಿದೆ, ಇಷ್ಟು ವರ್ಷ ಅದು ಅಲ್ಲೇ ಇತ್ತು ಅಂದರೆ ನಂಬಲಾಗುವುದಿಲ್ಲ. ಕೊನೆಗೆ ಕಾಗದ ಬಿಚ್ಚಿ ನೋಡಿದರೆ ಹನ್ನೆರಡರಲ್ಲಿ ಹತ್ತು ಸಲ ನಾನು ಆರಿಸಿದ್ದು ಗೆಳೆಯನ ಹಳೆಯ ಜೊತೆಯನ್ನು.

ನಡುವೆ ಒಂದು ಭಯ ಆಗಿತ್ತು. ಜಾಜ್ ತುಣುಕಿನಲ್ಲಿ ಡಬಲ್ ಬಾಸ್ ಇಳಿಯುತ್ತಾ ಒಂದು ಸ್ವರಕ್ಕೆ ಬಂದಾಗ ಮಾತ್ರ ಝರ್ ಅಂತ ಸದ್ದು, ಅದೂ ಬಲಗಡೆಯಿಂದ. ಹಳೆಯ ಸ್ಪೀಕರಿನ ಕೋನ್ ಹರಿದಿರಬೇಕು ಅಂದುಕೊಂಡೆ. ಎರಡು ಸ್ಪೀಕರ್ ಅದಲು ಬದಲು ಮಾಡಿದೆ, ಸದ್ದು ಬಲಗಡೆಯೇ ಉಳಿಯಿತು. ಹೊಸ ಜೊತೆ ಹಾಕಿದೆ, ಆಗಲೂ ಅಲ್ಲೇ. ಆ ಸ್ವರವನ್ನೇ ಲೂಪ್ ಮಾಡಿ ಹಾಕಿ, ತಂಗಿ ಒಂದೊಂದೇ ವಸ್ತು ಕೈಯಲ್ಲಿ ಒತ್ತಿ ಹಿಡಿಯುತ್ತಾ ಹೋದಳು. ಕಪಾಟಿನ ಗಾಜಿನ ಬಾಗಿಲು ಒತ್ತಿದಾಗ ಸದ್ದು ನಿಂತಿತು. ಗಾಜಿನ ಸಂದಿಗೆ ಮಡಿಸಿದ ಕಾಗದ ತುರುಕಿದ್ದೇವೆ, ಈಗ ಆ ಸ್ವರ ಶುದ್ಧವಾಗಿ ಬರುತ್ತಿದೆ.

ಹೊಸ ಜೊತೆ ವಾಪಸ್ ಹೋಯಿತು. ಮುಂದಿನ ವಾರ ಹೆಡ್‌ಫೋನ್ ಕೇಳಲು ಹೋಗುತ್ತಿದ್ದೇನೆ, ಈ ಸಲ ನನ್ನ ಏಳು ಟ್ರ್ಯಾಕ್ ನನ್ನ ಜೊತೆ ಬರುತ್ತವೆ, ಕ್ಯಾಸ್ಟನೆಟ್ ಸೇರಿ ಎಂಟು.